ಕಾಣದ ಎತ್ತಿನ ಗಂಟೆ

ನಮ್ಮೂರು ಸಾಲಗಾಮೆ. ಹಾಸನದಿಂದ ಸಾಲಗಾಮೆ ರಸ್ತೆ ಹಿಡಿದರೆ ಇಸ್ರೋದ ಮುಖ್ಯ ನಿಯಂತ್ರಣ ಕೇಂದ್ರ ಸಿಗುತ್ತದೆ. 1982ರಲ್ಲಿ ಶುರುವಾದ ಅದು ನಮ್ಮವರ ಬಾಯಲ್ಲಿ ಬರೀ 'ಎಂಸಿಎಫ್'. ನಾನು ಉಪಗ್ರಹದ ಮೇಲೆ ಪಿಎಚ್‌ಡಿ ಮಾಡುತ್ತಿದ್ದೇನೆ ಎಂದು ತಿಳಿದಮೇಲೆ, ನಾನು ಅಲ್ಲೇ ಕೆಲಸಕ್ಕಿದ್ದೇನೆಂದು ಊರು ತೀರ್ಮಾನಿಸಿಬಿಟ್ಟಿದೆ. ಅದು ನೋಡಿಕೊಳ್ಳುವುದು ಸುಮಾರು 36,000 ಕಿ.ಮೀ. ಎತ್ತರದ ಭೂಸ್ಥಿರ ಉಪಗ್ರಹಗಳನ್ನು. ನನಗೆ ಬೇಕಾದ ಆಸ್ಟ್ರೋಸ್ಯಾಟ್ ಇರುವುದು 650 ಕಿ.ಮೀ. ಎತ್ತರದಲ್ಲಿ. 2015ರ ಸೆಪ್ಟೆಂಬರ್ 28ರಂದು ಶ್ರೀಹರಿಕೋಟಾದಿಂದ ಹೋದದ್ದು. ಅದರ ನಿರ್ವಹಣೆ ಬೆಂಗಳೂರಿನಿಂದ, ದತ್ತಾಂಶ ಸೇರುವುದು ಬ್ಯಾಲಾಳುವಿಗೆ.

ನಾನು ನೋಡುವುದು ಜೋಡಿ ನಕ್ಷತ್ರಗಳಲ್ಲಿರುವ ಪಲ್ಸಾರ್‌ಗಳನ್ನು. ದೊಡ್ಡ ನಕ್ಷತ್ರವೊಂದು ಸ್ಫೋಟಿಸಿ ಸತ್ತಮೇಲೆ ಉಳಿಯುವ ತಿರುಳು ಸೂರ್ಯನಿಗಿಂತ ಹೆಚ್ಚು ತೂಗುತ್ತದೆ, ಆದರೆ ಹಾಸನ ತಾಲ್ಲೂಕಿನೊಳಗೆ ಹಿಡಿಸುವಷ್ಟು ಚಿಕ್ಕದು. ಅದು ಪಕ್ಕದ ನಕ್ಷತ್ರದ ಅನಿಲವನ್ನು ಸೆಳೆದುಕೊಳ್ಳುತ್ತದೆ. ಅದರ ಕಾಂತಕ್ಷೇತ್ರ ಆ ಅನಿಲವನ್ನು ಧ್ರುವಗಳತ್ತ ತಿರುಗಿಸುತ್ತದೆ. ಅಲ್ಲಿ ಅಪ್ಪಳಿಸಿದ ಅನಿಲ ಕೋಟ್ಯಂತರ ಡಿಗ್ರಿ ಕಾದು ಎಕ್ಸ್-ರೇ ಸೂಸುತ್ತದೆ. ನಕ್ಷತ್ರ ತಿರುಗಿದಂತೆ ಅದು ಮಿಡಿತವಾಗಿ ಕಾಣುತ್ತದೆ. ಈ ಕಿರಣಗಳನ್ನು ನಮ್ಮ ವಾತಾವರಣ ತಡೆಯುತ್ತದೆ. ಅದಕ್ಕೇ ದೂರದರ್ಶಕ ಮೇಲೆ ಹೋಗಬೇಕು.

1970ರಲ್ಲಿ ಕೀನ್ಯಾದ ಕರಾವಳಿಯಿಂದ ಹಾರಿದ ಉಹುರು ಉಪಗ್ರಹ ಸೆಂಟಾರಸ್ ಎಕ್ಸ್-3ರಲ್ಲಿ 4.8 ಸೆಕೆಂಡಿನ ಮಿಡಿತವನ್ನು ಕಂಡಿತು. ಮಿಡಿತ 2.1 ದಿನಕ್ಕೊಮ್ಮೆ ಕ್ರಮವಾಗಿ ಬೇಗ, ತಡ ಆಗುತ್ತಿತ್ತು. ಪ್ರತಿ ಸುತ್ತಿನಲ್ಲೂ ಒಮ್ಮೆ ಮರೆಯಾಗುತ್ತಿತ್ತು. ಸಂಗಾತಿಯ ಸುತ್ತ ಅದು ತಿರುಗುತ್ತಿದೆ ಎಂದು ಗೊತ್ತಾದದ್ದು ಹಾಗೆ.

ಇದನ್ನು ಅಪ್ಪನಿಗೆ ಹೇಳಲು ನನಗೆ ಸಿಕ್ಕಿದ್ದು ರಾಗಿ ಕಣ. ಈಗ ಯಂತ್ರ ಬಂದಿದೆ. ಅಪ್ಪ ಹುಡುಗನಾಗಿದ್ದಾಗ ಕಣದಲ್ಲಿ ಎತ್ತು ಗುಂಡು ಎಳೆಯುತ್ತಿದ್ದವು. "ಕತ್ತಲಲ್ಲಿ ಎತ್ತು ಕಾಣಲ್ಲ, ಗಂಟೆ ಮಾತ್ರ ಕೇಳುತ್ತೆ ಅಂದ್ಕೊ. ಕಣ ತುಂಬ ದೊಡ್ಡದು. ಆಚೆ ಬದಿಯಿಂದ ಸದ್ದು ತಡವಾಗಿ ಬರುತ್ತೆ," ಎಂದೆ. ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಂಗಾರೆ ಎಷ್ಟು ತಡ ಅಂತ ನೋಡಿ ಕಣ ಎಷ್ಟಗಲ ಅಂತ ಹೇಳ್ಬೋದಲ್ವೇನವ್ವ?" ಎಂದರು.

ನಾವು ಮಾಡುವುದು ಅದನ್ನೇ. ಸೆಂಟಾರಸ್ ಎಕ್ಸ್-3ರ ಆಚೆ ಬದಿಯ ಮಿಡಿತ ಈಚೆ ಬದಿಯದಕ್ಕಿಂತ ಸುಮಾರು 80 ಸೆಕೆಂಡು ತಡ. ಬೆಳಕಿನ ವೇಗದಿಂದ ಗುಣಿಸಿದರೆ ಕಣದ ಅಗಲ ಹತ್ತಿರಹತ್ತಿರ 2.4 ಕೋಟಿ ಕಿ.ಮೀ. ಅಗಲ ಸಿಕ್ಕರೆ ತೂಕದ ದಾರಿಯೂ ತೆರೆಯುತ್ತದೆ.

ಅಮ್ಮನ ಪ್ರಶ್ನೆ ಇಷ್ಟು ಸಲೀಸಲ್ಲ: "ಇದು ಮುಗಿದ ಮೇಲೆ ಕೆಲಸ ಸಿಗುತ್ತಾ?" ಎರಡು ವರ್ಷ ಅಂಗಮಾರಿ ಬಂದು ಆಲೂಗಡ್ಡೆ ಕೈಕೊಟ್ಟಾಗ ಮನೆ ನಡೆದದ್ದು ನನ್ನ ಫೆಲೋಶಿಪ್ಪಿನಿಂದ. ಅದು ಬರುವ ಮಾರ್ಚ್‌ಗೆ ನಿಲ್ಲುತ್ತದೆ. ಆಸ್ಟ್ರೋಸ್ಯಾಟ್‌ಗೂ ವಯಸ್ಸಾಗಿದೆ. ಐದು ವರ್ಷಕ್ಕೆಂದು ಮಾಡಿದ್ದು ಅದರಾಚೆಗೂ ದುಡಿದಿದೆ. ಮುಂಬೈನ ಟಿಐಎಫ್‌ಆರ್‌ನಲ್ಲಿ ತಯಾರಾದ ಅದರ ಮೂರು ಲ್ಯಾಕ್ಸ್‌ಪಿಸಿ ಪತ್ತೆಕಾರಕಗಳಲ್ಲಿ ಒಂದನ್ನು 2018ರಲ್ಲೇ ಆರಿಸಬೇಕಾಯಿತು. 2024ರ ಜನವರಿ 1ರಂದು ಎಕ್ಸ್‌ಪೋಸ್ಯಾಟ್ ಹೋಯಿತು. ಅದರ ಪೋಲಿಕ್ಸ್ ಉಪಕರಣ ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯದು. ಉಪಗ್ರಹಗಳಿಗೆ ಉತ್ತರಾಧಿಕಾರಿಗಳು ಬರುತ್ತವೆ. ನನ್ನಂಥವರಿಗೆ ಹುದ್ದೆಗಳು ಅಷ್ಟು ಬೇಗ ಬರುವುದಿಲ್ಲ ಎಂದು ಅಮ್ಮನಿಗೆ ಹೇಳಿದ್ದೇನೆ.

ಊರಿನ ಪಿಯುಸಿ ಹುಡುಗಿಯೊಬ್ಬಳು ಕೇಳಿದಳು, "ಅಕ್ಕ, ಇದನ್ನೆಲ್ಲ ನೋಡೋಕೆ ಒಳಗೆ ಬಿಡ್ತಾರಾ?" ಎಂಸಿಎಫ್ ಗೇಟು ದಾಟಲು ಪಾಸ್ ಬೇಕು. ಆಸ್ಟ್ರೋಸ್ಯಾಟ್‌ನ ಹಳೆಯ ದತ್ತಾಂಶಕ್ಕೆ ಬೇಡ. ಹೆಸರು ನೋಂದಾಯಿಸಿದರೆ ಯಾರೂ ಇಳಿಸಿಕೊಳ್ಳಬಹುದು. ಅವಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಒಂದು ಕಡತ ತೆರೆದೆ. ಒಂದು ಗಂಟೆಯಲ್ಲಿ ಅವಳೇ ಮಿಡಿತಗಳ ನಡುವಿನ ಅಂತರ ಅಳೆದಳು.

ಅತಿಥಿ ಉಪನ್ಯಾಸಕಿ ಕೆಲಸಕ್ಕೆ ಎರಡು ಕಾಲೇಜಿಗೆ ಅರ್ಜಿ ಹಾಕಿದ್ದೇನೆ. ಪ್ರಬಂಧದ ನಾಲ್ಕನೇ ಅಧ್ಯಾಯ ಬಾಕಿಯಿದೆ.