ನಮ್ಮ ಮಾಳಗಿ ಮ್ಯಾಲಿನ ಕಂಬ

ಮೊದಲೇ ಹೇಳಿಬಿಡ್ತೀನಿ, ನಮ್ಮ ಮನಿಗಿ ಪೊಲೀಸರು ಬಂದಿದ್ದು ಖರೇ. ಒಬ್ಬರೇ ಬಂದಿದ್ರು, ಬೈಕ್ ಮ್ಯಾಲ. ಚಾ ಕುಡದು, ಒಂದು ಕಾಗದದ ಮ್ಯಾಲ ನಮ್ಮ ಸಣ್ಣಾಂವನ ಸಹಿ ತಗೊಂಡು ಹ್ವಾದ್ರು. ಸಂಜಿ ಆಗೋದ್ರಾಗ ಓಣ್ಯಾಗ ಜೀಪು ಬಂದಿತ್ತಂತ ಆತು. ಮರುದಿನ ಕವಿತಾಳದಾಗ ಬಸ್ ಕಾಯೋವಾಗ ನಮ್ಮ ನೆಗೆಣ್ಣಿಗಿ ಯಾರೋ, "ನಿಮ್ಮ ಹುಡುಗನ್ನ ಹಿಡಕೊಂಡು ಹ್ವಾದ್ರಂತಲ್ಲ?" ಅಂತ ಕೇಳಿದ್ರಂತ.

ಅದಾಗಿ ಕೆಲವು ತಿಂಗಳಿಗಿ ಮಾಳಗಿ ಮ್ಯಾಲ ಕಬ್ಬಣದ ಪೈಪು ನಿಂತು. ಅದರ ತುದಿಗಿ ಐದು ಕಡ್ಡಿ. ಎರಡೂ ಕೂಡಿಸಿ ನೀವು ಕಟ್ಟಿದ ಕಥಿ ನನ್ನ ಕಿವಿಗೂ ಬಂದಾವ. ಟವರ್ ಕಂಪನಿಯವರು ತಿಂಗಳಾ ಬಾಡಿಗಿ ಕೊಡ್ತಾರಂತ ಅನ್ನೋದು ಅದರಾಗ ಒಂದು. ಅದು ಖರೇ ಆಗಿದ್ರ ನಾನೇ ನಿಮಗೆಲ್ಲ ಹೋಳಿಗಿ ಊಟ ಹಾಕ್ತಿದ್ದೆ. ಇನ್ನೊಂದು ಮಾತು ಮಾತ್ರ ನಗೋವಂಥದ್ದಲ್ಲ. ಮಗಳನ್ನ ನೋಡಾಕ ಬರಬೇಕಾದ ಮಂದಿ, "ಮನ್ಯಾಗ ಪೊಲೀಸರ ಓಡಾಟ ಅದಂತ" ಅಂತ ತಿಳಕೊಂಡು ಬರೋದು ಬಿಟ್ರು. ಮಗಳು "ಛಲೋ ಆತು ಬಿಡಬೇ" ಅಂದ್ಲು, ನನಗ ಎರಡು ರಾತ್ರಿ ನಿದ್ದಿ ಹತ್ತಲಿಲ್ಲ. ಅದಕ್ಕ ಇವತ್ತು ಕುಂತು ಎಲ್ಲ ಬರೀಲಿಕತ್ತೀನಿ.

ನನ್ನ ತವರು ದೇವದುರ್ಗ ತಾಲೂಕಿನ್ಯಾಗ, ಕೃಷ್ಣಾ ನದಿ ದಂಡ್ಯಾಗ ಅಂಬೋದು ನಿಮಗ ಗೊತ್ತದ. 2009ರಾಗ, ಸಪ್ಟಂಬರ್ ಮುಗದು ಅಕ್ಟೋಬರ್ ಹತ್ತೋ ಹೊತ್ತಿಗಿ ಆದ ಮಳಿ ನಿಮಗೂ ನೆನಪಿರಬೇಕು. ಮಂತ್ರಾಲಯದಾಗ ಮಠದೊಳಗ ನೀರು ಹೊಕ್ಕಿತ್ತು. ನಮ್ಮ ಕಡೆ ಎಷ್ಟು ಮಣ್ಣಿನ ಮನಿ ಕುಂತ್ವು! ಆಗ ಅವ್ವನ ಸುದ್ದಿ ಮೂರು ದಿನ ಇದ್ದಿಲ್ಲ. ಫೋನ್ ಹಚ್ಚಿದ್ರ ಬರೇ ಒಂದು ಹೆಣ್ಣಿನ ದನಿ, ನೀವು ಕರೆ ಮಾಡಿದವರು ಸಿಗಾಂಗಿಲ್ಲಂತ. ಮುಂದ 2019ರ ಆಗಸ್ಟಿನ್ಯಾಗ ನಮ್ಮ ಕಡೆ ಮಳಿನೇ ಇದ್ದಿಲ್ಲ, ಆದರೂ ಮ್ಯಾಲಿನ ಡ್ಯಾಮ್‌ನಿಂದ ಬಿಟ್ಟ ನೀರಿಗಿ ಕೃಷ್ಣಾ ತುಂಬಿ ಹೂವಿನಹೆಡಗಿ ಸೇತುವೆ ಮುಳುಗಿತು. ತವರೂರಿಗಿ ಕರೆಂಟ್ ಹೋಗಿತ್ತು, ಅಣ್ಣನ ಫೋನ್ ಸತ್ತಿತ್ತು. ಕರೆಂಟ್ ಇಲ್ಲಂದ್ರ ಟವರ್ ಬ್ಯಾಟರಿನೂ ಎಷ್ಟು ತಾಸು ತಡೀತದ? ನಾನು ಎರಡು ದಿನ ಒಲಿ ಮುಂದ ಕುಂತು ಫೋನ್ ಒತ್ತಿದ್ದೇ ಒತ್ತಿದ್ದು. ನಮ್ಮ ಸಣ್ಣಾಂವ ಅದನ್ನ ನೋಡಿದ. ಆಗ ಏನೂ ಅನ್ನಲಿಲ್ಲ.

ಮುಂದ ಒಂದ್ ದಿನ ರೊಟ್ಟಿ ತಿನ್ನೋವಾಗ, "ಯವ್ವ, ಹ್ಯಾಮ್ ರೇಡಿಯೋ ಪರೀಕ್ಷಿ ಕಟ್ತೀನಿ" ಅಂದ. ನಾನು ಹಾಡು ಕೇಳೋ ರೇಡಿಯೋ ತಿಳಕೊಂಡೆ. ಅದಲ್ಲಂತ. ಇದು ಮಾತಾಡೋ ರೇಡಿಯೋ. ನಡುವ ಕಂಪನಿ ಇಲ್ಲ, ಸಿಮ್ ಇಲ್ಲ, ಟವರ್ ಇಲ್ಲ. ಈ ಕಡೆ ಸೆಟ್ಟಿನಿಂದ ಆ ಕಡೆ ಸೆಟ್ಟಿಗಿ ನೆಟ್ಟಗ. ಆದ್ರ ಯಾರು ಬೇಕಾದ್ರೂ ಮಾಡಂಗಿಲ್ಲ. ಕೇಂದ್ರ ಸರ್ಕಾರದವರ ಪರೀಕ್ಷಿ ಪಾಸಾಗಬೇಕು, ಲೈಸೆನ್ಸ್ ತಗೋಬೇಕು. ಹನ್ನೆರಡು ವರ್ಷ ತುಂಬಿದವರು ಯಾರಾದ್ರೂ ಬರೀಬಹುದು. ಲೈಸೆನ್ಸ್ ಸಿಕ್ಕವರಿಗಿ ಒಂದು ಕರೆಯೋ ಹೆಸರು ಕೊಡ್ತಾರ, ನಮ್ಮ ದೇಶದಾಗ ಅದು ವಿಯುದಿಂದ ಸುರು ಆಗ್ತದ. ರಾಜೀವ್ ಗಾಂಧಿಗೂ ಇಂಥದ್ದೊಂದು ಇತ್ತಂತ, ವಿಯು2ಆರ್‌ಜಿ ಅಂತ.

ನಾನು ಒಪ್ಪಿದ್ದು ಮಾತ್ರ ರಾಜೀವ್ ಗಾಂಧಿ ಹೆಸರು ಕೇಳಿ ಅಲ್ಲ. ಅಂವ ಒಬ್ಬ ಹೆಣ್ಮಗಳ ಸುದ್ದಿ ಹೇಳಿದ. ಭಾರತಿ ಪ್ರಸಾದ್ ಅಂತ. 2004ರ ಡಿಸೆಂಬರಿನ್ಯಾಗ ತಮ್ಮ ತಂಡ ಕಟಕೊಂಡು, ರೇಡಿಯೋ ಹೊತಗೊಂಡು ಅಂಡಮಾನಿಗಿ ಹೋಗಿದ್ರಂತ. ಬಹಳ ವರ್ಷದ ಮ್ಯಾಲ ಅಲ್ಲಿಂದ ಹ್ಯಾಮ್ ರೇಡಿಯೋದಾಗ ಮಾತಾಡಾಕ ಪರವಾನಿಗಿ ಸಿಕ್ಕಿತ್ತು, ಜಗತ್ತಿನ ಎಲ್ಲಾ ಕಡೆಯಿಂದ ಮಂದಿ ಅವರ ದನಿ ಕೇಳಾಕ ಕಾಯ್ತಿದ್ರು. 26ನೇ ತಾರೀಖು ಸುನಾಮಿ ಬಂತು. ಫೋನೆಲ್ಲ ಸತ್ತವು. ಆಕಿ ಹವ್ಯಾಸ ಬಿಟ್ಟು ಅದೇ ಸೆಟ್ಟಿನಿಂದ, "ಇಂಥವರು ಬದುಕ್ಯಾರ, ಮನಿಯವರಿಗಿ ಹೇಳ್ರಿ" ಅಂತ ದಂಡಿ ದಾಟಿಸಿ ಸುದ್ದಿ ಮುಟ್ಟಿಸಿದ್ಲು. ಅಂಥ ಒಂದು ಮಾತಿಗಿ ಮೂರು ದಿನ ಕಾದವಳು ನಾನು. "ಕಟ್ಟು" ಅಂದೆ.

ನಡುವ ಕೊರೋನಾ ಬಂತು, ಎಲ್ಲ ನಿಂತು. ಆಮ್ಯಾಲ ಬೆಂಗಳೂರಿಗಿ ಹೋಗಿ ಬರದು ಪಾಸಾದ. ಲೈಸೆನ್ಸ್ ಕೊಡೋಕಿಂತ ಮೊದಲ ಹುಡುಗ ಎಂಥಾಂವ ಅಂತ ಪೊಲೀಸರಿಂದ ವಿಚಾರಣಿ ಮಾಡಸ್ತಾರ, ಪಾಸ್‌ಪೋರ್ಟಿಗಿ ಮಾಡ್ತಾರಲ್ಲ ಹಂಗ. ಅದೇ ನೀವು ನೋಡಿದ ಪೊಲೀಸು.

ಲೈಸೆನ್ಸ್ ಕೈಗಿ ಬಂದಮ್ಯಾಲೇ ಸೆಟ್ಟು ಬಂತು, ಇದನ್ನ ಲಕ್ಷ್ಯದಾಗ ಇಡ್ರಿ. ಯಾಕಂದ್ರ ಲೈಸೆನ್ಸ್ ಇಲ್ಲದ ವೈರ್‌ಲೆಸ್ ಸೆಟ್ಟು ಮನ್ಯಾಗ ಇಟಗೊಂಡ್ರೂ ತಪ್ಪೇ, ಮಾತಾಡಬೇಕಂತಿಲ್ಲ. 1933ರ ಕಾಯ್ದೆದಾಗಿಂದ ಅದು ಹಂಗೇ ಬಂದದ. ಹೊಸ ಸೆಟ್ಟಿನ ರೇಟ್ ಕೇಳಿ ನಮ್ಮ ಮನ್ಯಾರು "ಹತ್ತಿ ಮಾರಿದ ಮ್ಯಾಲ ನೋಡೋಣು" ಅಂದ್ರು. ಅಷ್ಟರಾಗ ಲೈಸೆನ್ಸ್ ಇದ್ದ ಒಬ್ಬ ಹಿರಿಯರ ಹತ್ರ ಹಳೇದೊಂದು ಸಿಕ್ತು. ಗಾಡ್ಯಾಗ ಕುಂದ್ರಿಸೋ ಸೆಟ್ಟು. ಪೊಲೀಸ್ ಜೀಪು, ಅಗ್ನಿಶಾಮಕದ ಗಾಡ್ಯಾಗ ಇರ್ತದಲ್ಲ, ಕಪ್ಪು ಡಬ್ಬಿ, ಸುರುಳಿ ವೈರಿನ ಮೈಕು, ಅದೇ ನಮೂನಿ. ಯಾವುದೋ ಹರಾಜಿನ್ಯಾಗ ಬಂದದ್ದಂತ. ಅದರ ನಂಬರ್ ಹಾಕಿ ಕೊಟ್ಟದ್ದು ತಗೊಂಡದ್ದು ಕಾಗದ ಬರಸಿಕೊಂಡೇ ತಂದಾನ, ಆ ಕಾಗದ ನನ್ನ ಟ್ರಂಕಿನ್ಯಾಗ ಅದ.

ಹಳೇ ಸಾಮಾನು ಮನಿಗಿ ಬಂದ್ರ ನಾವೇನು ಮಾಡ್ತೀವಿ? ಹುಣಸಿಹಣ್ಣು ಹಚ್ಚಿ ತಿಕ್ತೀವಿ. ನಾನೂ ಹಂಗೇ ಒಣ ಬ್ರಶ್ಶಿನಿಂದ ಅದರ ಬೆನ್ನಿನ ಸಂದಿಯೊಳಗಿನ ಧೂಳ ತಗದೆ. ಬೆನ್ನಿಗಿ ಅಲ್ಯೂಮಿನಿಯಮ್ ಹಲ್ಲು ಅದಾವ, ಬಿಸಿ ಹೊರಗ ಹೋಗಾಕ, ಅವು ತುಂಬಿದ್ರ ಸೆಟ್ಟು ಕಾದು ಸುಡ್ತದ. ಮೈಕಿನ ವೈರ್ ಹರದಿತ್ತು, ಅಂವ ಬೆಸಿಗಿ ಹಾಕೋವಾಗ ನಾನು ವೈರ್ ಹಿಡದಿದ್ದೆ. ಮೂರು ಸಲ ಅಂವ ಕೈ ಸುಟಗೊಂಡ ಮ್ಯಾಲ ನಾನೇ ಹಾಕಿದೆ. ಮಗ್ಗಿ ತುಂಬೋದಕ್ಕಿಂತ ಕಠಿಣ ಏನಿಲ್ಲ, ಕೈ ನಡಗಬಾರದು ಅಷ್ಟೇ.

ಕರೆಂಟಿಗಿ ಏನು ಮಾಡೋದು ಅಂಬೋ ಪ್ರಶ್ನೆ ಮನ್ಯಾಗೇ ಬಗಿಹರೀತು. ಗಾಡಿ ಸೆಟ್ಟಿಗಿ 12 ವೋಲ್ಟು ಬೇಕು, ನಮ್ಮ ಇನ್ವರ್ಟರ್ ಬ್ಯಾಟರಿನೂ 12 ವೋಲ್ಟೇ. ನಡುವ ಫ್ಯೂಸ್ ಹಾಕಿ ಎಳದ್ರ ಆತು. ಜೋರಾಗಿ ಮಾತಾಡಿಸಿದ್ರ ಹತ್ತು ಆಂಪಿಯರಿನ ಸುತ್ತಮುತ್ತ ಜಗ್ತದ, ಸುಮ್ಮನ ಕೇಳೋವಾಗ ಒಂದು ಆಂಪಿಯರೂ ಇಲ್ಲ. ಹಂಗಾಗಿ ದಪ್ಪ ವೈರ್ ಬೇಕು. ಆದ್ರೂ ಜೋಡಿಸಿ ಗುಂಡಿ ಒತ್ತಿದ್ರ ಸೆಟ್ಟಿಗಿ ಜೀವಾನೇ ಬರ್ಲಿಲ್ಲ. ಎರಡು ದಿನ ನೋಡೇ ನೋಡಿದ. ಕಡೀಕ ಗೊತ್ತಾತು, ಇದು ಗಾಡಿ ಕೀಲಿ ತಿರುವಿದ್ರನೇ ಏಳೋ ಸೆಟ್ಟು. ಬೆನ್ನಾಗ ಒಂದು ಸಣ್ಣ ವೈರು, ಅದಕ್ಕ ಕೀಲಿ ಕಡೆಯಿಂದ ಕರೆಂಟು ಬರಬೇಕು. ನಮ್ಮ ಪಡಸಾಲ್ಯಾಗ ಎಲ್ಲಿ ಕೀಲಿ? ಆ ವೈರನ್ನೂ ಬ್ಯಾಟರಿಗೇ ಕೂಡಿಸಿದ. ಹಸರು ದೀಪ ಹತ್ತಿತು.

ಅವತ್ತೇ ಅನಾಹುತ ಆಗಬೇಕಿತ್ತು. ಅಂವ ಫೋನ್ ಬಂತಂತ ಹೊರಗ ಹ್ವಾದ. ನೆಗೆಣ್ಣಿ ಮೊಮ್ಮಗ, ಮೂರು ವರ್ಷದ್ದು, ಸೆಟ್ಟಿನ ಮುಂದ ಕುಂತಿತ್ತು. ಅದರಾಗ ಒಂದು ಕೆಂಪು ಗುಂಡಿ, ಕೂಸುಗಳಿಗಿ ಕೆಂಪು ಕಂಡ್ರ ಬಿಡ್ತಾವೇನ್ರಿ? ಒತ್ತಿಬಿಡ್ತು. ಹಸರು ದೀಪ ಹೋಗಿ ಕೆಂಪಾತು, ಸೆಟ್ಟು ತಾನೇ ಟಿಣ್ ಟಿಣ್ ಅನ್ನಾಕ ಹತ್ತಿತು. ನಾನು ಒಳಗಿಂದ ಹಿಟ್ಟಿನ ಕೈಲೇ ಓಡಿ ಬಂದು ಬ್ಯಾಟರಿ ವೈರ್ ಕಿತ್ತೆ.

ಅಂವ ಬಂದು ನೋಡಿ ಬೆಳ್ಳಗಾದ. ಆ ಗುಂಡಿ ಆಪತ್ತಿಂದು. ಗಾಡ್ಯಾಗ ಇದ್ದ ಮನುಷ್ಯಾಗ ಮೈಕ್ ಹಿಡಿಯಾಕೂ ಆಗದಂಥ ಪ್ರಸಂಗ ಬಂದ್ರ ಅದನ್ನ ಒತ್ತಿದ್ರ ಸಾಕು, ಅವರ ಕಂಟ್ರೋಲ್ ರೂಮಿಗಿ "ನಮ್ಮ ಜೀವಕ್ಕ ಕುತ್ತು" ಅಂತ ಹೋಗ್ತದ. ಹಳೇ ಮಾಲಕರ ಚಾನಲ್ಲು ಇನ್ನೂ ಅದರ ಹೊಟ್ಟ್ಯಾಗ ಇದ್ವು. ಪುಣ್ಯಾಕ ಆಂಟೆನಾ ಹಚ್ಚಿದ್ದಿಲ್ಲ, ಆಂಟೆನಾ ಇಲ್ಲದ ಸೆಟ್ಟಿನ ಕೂಗು ದೂರ ಹೋಗಂಗಿಲ್ಲ. ಹಚ್ಚಿದ್ರ ಯಾರದ್ದೋ ಆಫೀಸಿನ್ಯಾಗ ಗಂಟಿ ಬಾರಸ್ತಿತ್ತು, ಅವತ್ತು ನೀವು ಹೇಳಿದ ಜೀಪು ಖರೇನೇ ಬರ್ತಿತ್ತು. ಇನ್ನೊಂದು ಪುಣ್ಯ ಅಂದ್ರ ಸೆಟ್ಟು ಸುಡಲಿಲ್ಲ. ಆಂಟೆನಾ ಇಲ್ಲದ ಕೂಗಿಸಿದ್ರ ಆ ಶಕ್ತಿ ತಿರುಗಿ ಒಳಗೇ ಬಂದು ಹೊಡೀತದಂತ.

ಆ ರಾತ್ರಿ ಹಳೇ ಲ್ಯಾಪ್‌ಟಾಪ್ ಹಚ್ಚಿ, ಕೇಬಲ್ ಕೂಡಿಸಿ ಸೆಟ್ಟಿನ ಹೊಟ್ಟಿ ಓದಿದ. ಸಾಲಾಗಿ ಚಾನಲ್ಲು, ಎದುರಿಗಿ ಅಂಕಿ. ನೋಡ್ತಾ ನೋಡ್ತಾ ಅವನ ಮುಖ ಅರಳಿತು. "ಯವ್ವ, ಇವನ್ನ ಇಟಗೋತೀನಿ. ಮಾತಾಡಂಗಿಲ್ಲ, ಬರೇ ಕೇಳ್ತೀನಿ" ಅಂದ.

ನನಗ ಸಿಟ್ಟು ಬಂದಿದ್ದು ಅಲ್ಲಿ. ಕೂಸು ಒತ್ತಿದ್ದಕ್ಕಲ್ಲ. "ಬ್ಯಾರೆಯವರ ಬಾಗಲಕ್ಕ ಕಿವಿ ಹಚ್ಚಾಕ ಪರೀಕ್ಷಿ ಬರದಿ ಏನು? ಎಲ್ಲೋ ಆಕ್ಸಿಡೆಂಟ್ ಆಗಿ ಯಾರದ್ದೋ ಮಗ ಬಿದ್ದಿರ್ತಾನ, ಅದನ್ನ ಅವರ ಮನಿಯವರಿಗಿಂತ ಮೊದಲ ನೀನು ಕೇಳಬೇಕಾ? ನಿನ್ನ ತಂಗಿ ಮದುವಿ ಅದ, ಮರತಿ ಏನು?" ಅಂತ ಬೈದೆ. ಕೇಳೋದೂ ತಪ್ಪೇ ಅಂಬೋದು ಅವನಿಗಿ ನನಗಿಂತ ಛಲೋ ಗೊತ್ತಿತ್ತು, ಪರೀಕ್ಷ್ಯಾಗ ಅದೂ ಬಂದಿತ್ತು. ಒಂದು ದಿನ ಮಾತು ಬಿಟ್ಟ. ಮರುದಿನ ತಾನೇ ಬಂದು ಕುಂತು, ಒಂದೊಂದೇ ಅಳಿಸಿ, ನನ್ನ ಮುಂದೇ ಖಾಲಿ ಮಾಡಿದ.

ಆದ್ರ ಒಂದು ಮಾತಿಗಿ ನಾನೂ ಸೋತೆ. ಅಳಿಸೋಕಿಂತ ಮೊದಲ ಇದ್ದದ್ದರ ಒಂದು ನಕಲು ತಗದಿಡಬೇಕಂತ, ಹೊಸದು ಬರಿಯೋವಾಗ ಏನಾದ್ರೂ ತಪ್ಪಿದ್ರ ಸೆಟ್ಟು ಕಲ್ಲಾಗಿ ಕುಂದ್ರತದ. ಸರಿ, ಹೊಸಾ ಚಾನಲ್ಲಿನ ಮ್ಯಾಲ ಹತ್ತು ದಿನ ನಡದ ಮ್ಯಾಲ ಆ ನಕಲೂ ಅಳಿಸಬೇಕು ಅಂತ ಆತು. ಕ್ಯಾಲೆಂಡರಿನ್ಯಾಗ ಹಾಲಿನ ಲೆಕ್ಕದ ಬಾಜೂಕ ಗುರ್ತು ಹಾಕಿದ್ದೆ, ಹತ್ತನೇ ದಿನ ಅಳಿಸಿಸಿದೆ.

ಈಗ ಅದರಾಗ ಇರೋದು ಹ್ಯಾಮ್‌ಗಳಿಗಿ ಕೊಟ್ಟ ಜಾಗ ಅಷ್ಟೇ, 144ರಿಂದ 146 ಮೆಗಾಹರ್ಟ್ಜ್. ಸೆಟ್ಟು 136ರಿಂದ 174ರ ತನಕ ಹೋಗ್ತದ, ಆದ್ರ ನಮ್ಮ ಹೊಲದ ಬದು ಇಷ್ಟೇ. ಪವರೂ ಲೈಸೆನ್ಸಿನ್ಯಾಗ ಹೇಳಿದ್ದಕ್ಕಿಂತ ಕಡಿಮಿ ಇಟ್ಟಾನ. ಕೆಂಪು ಗುಂಡಿ ಒತ್ತಿದ್ರ ಈಗ ಸೆಟ್ಟಿನ ಮುಖದ ದೀಪ ಹತ್ತೋದು, ಆರೋದು. ಕೂಸು ಬಂದಾಗೊಮ್ಮೆ ಒತ್ತಿ ಖುಷಿ ಪಡ್ತದ.

ಮಾಳಗಿ ಮ್ಯಾಲಿನ ಐದು ಕಡ್ಡಿ ಆಂಟೆನಾ. ನಡುವಿಂದು ನೆಟ್ಟಗ, ನಾಕು ಕೆಳಗ ಬಾಗಿದ್ದು, ಕೊಡಿ ಹರಕಾಗಿ ಕಡ್ಡಿ ಉಳದಂಗ. ನಡುವಿನ ಕಡ್ಡಿ 49 ಸೆಂಟಿಮೀಟರು. ಇಷ್ಟೇ ಯಾಕಂದ್ರ ಆ ದನಿಯ ಅಲಿ ಎರಡು ಮೀಟರಿನಷ್ಟು ಉದ್ದ, ಅದರ ಕಾಲು ಪಾಲಿನಷ್ಟು ಕಡ್ಡಿ ಇರಬೇಕು. ಒಂದು ಬೆರಳು ಹೆಚ್ಚು ಕಡಿಮಿ ಆದ್ರೂ ಮೀಟರ್ ಮುಳ್ಳು ಮ್ಯಾಲ ಏರ್ತಿತ್ತು, ಇಳಿಸಿ ಕತ್ತರಿಸಿ ಮತ್ತ ಏರಿಸಿ, ಒಂದು ಆಯಿತವಾರ ಪೂರಾ ಅದಕ್ಕೇ ಹ್ವಾತು.

ಈಗ ದೇವದುರ್ಗದ ಕಡೆಯಿಂದ ಒಬ್ಬ ಮಾಸ್ತರು ಸಂಜಿಕ ಸಿಗ್ತಾರ. ಖರ್ ಖರ್ ಅಂತದ, ಆದ್ರ ಮಾತು ತಿಳೀತದ. ಇದರಾಗ ವ್ಯಾಪಾರದ ಮಾತು ಆಡಂಗಿಲ್ಲ, ಹಾಡು ಹಾಕಂಗಿಲ್ಲ. ಹತ್ತಿ ರೇಟ್ ಕೇಳಾಕ ಯಾರೂ ಬರಬ್ಯಾಡ್ರಿ. ನನ್ನ ತವರಿಗಿ ನೆಟ್ಟಗ ಮಾತಾಡಾಕ ಇನ್ನೂ ಆಗಂಗಿಲ್ಲ, ಆ ಕಡೆನೂ ಲೈಸೆನ್ಸ್ ಇದ್ದವರು ಬೇಕಲ್ಲ. ಅಣ್ಣನ ಮಗಳು ಓದಾಕ ಹತ್ಯಾಳ. ಅವ್ವಗ ಹೇಳಿದ್ರ, "ಅದರಾಗ ನಿನ್ನ ದನಿ ನಿನ್ನ ದನಿ ಹಂಗೇ ಕೇಳಸ್ತದೇನು?" ಅಂದ್ಲು. ಸ್ವಲ್ಪ ಮೂಗಿನ್ಯಾಗ ಮಾತಾಡಿದಂಗ ಕೇಳಸ್ತದ ಅಂದೆ.

ಇನ್ನು ಒಂದು ಕೆಲಸ ನಿಮ್ಮದು ಅದ. ಸಿಡ್ಲು ಗುಡುಗು ಬಂದ್ರ ಆ ಕೇಬಲ್ಲು ಸೆಟ್ಟಿನಿಂದ ಬಿಚ್ಚಿ ಕಿಟಕಿ ಹೊರಗ ಹಾಕಬೇಕು. ಪೈಪಿನಿಂದ ನೆಲಕ್ಕ ಅರ್ಥಿಂಗ್ ಇಳಿಸ್ಯಾನ, ಇದ್ರೂ ಬಿಚ್ಚಬೇಕು. ಅಂವ ರಾಯಚೂರಿಗಿ ಹೋದ ದಿನ ಅದು ನನ್ನ ಪಾಲು. ಮೋಡ ಆದಾಗ ನಾನು ಮನ್ಯಾಗ ಇಲ್ಲದ್ದು ಕಂಡ್ರ ಬಾಜೂ ಮನಿ ದೊಡ್ಡವ್ವ, ನೀವು ಒಂದು ಕೂಗು ಹಾಕ್ರಿ, ಮಗಳು ಬಿಚ್ತಾಳ. ಮತ್ತ ಆ ಪೈಪಿಗಿ ಸೀರಿ ಒಣಗಾಕ ಹಗ್ಗ ಕಟ್ಟಬ್ಯಾಡ್ರಿ. ಹೋದ ವಾರ ಯಾರು ಕಟ್ಟಿದ್ರಂತ ನನಗ ಗೊತ್ತದ, ಹೆಸರು ಬರಿಯಂಗಿಲ್ಲ.