ಓಲೆಗರಿಯ ಊರಿಗೆ ಮುಕ್ತ ದಾರಿ

ಬಿ.ಸಿ. ರೋಡಿನಲ್ಲಿ ಬೆಳಗ್ಗೆ ಧರ್ಮಸ್ಥಳದ ಬಸ್ಸಿಗೆ ಕಾಯುವವರಲ್ಲಿ ಯಾತ್ರಿಕರೂ ಇರುತ್ತಾರೆ, ಕಾಲೇಜು ಮಕ್ಕಳೂ ಇರುತ್ತಾರೆ. ರಜಾದಿನದಲ್ಲೂ ಲ್ಯಾಪ್‌ಟಾಪಿನ ಚೀಲ ಹೆಗಲಿಗೇರಿಸಿ ಹೊರಟ ಹುಡುಗನೋ ಹುಡುಗಿಯೋ ಕಂಡರೆ, ಮನೆಯಲ್ಲಿ ಒಂದು ಪ್ರಶ್ನೆಯನ್ನು ಎದುರಿಸಿಯೇ ಬಂದಿರಬೇಕು ಎಂದು ತಿಳಿಯಬಹುದು. ‘ಮುಕ್ತ ತಂತ್ರಾಂಶದ ಸಮ್ಮೇಳನವಂತೆ! ಅದಕ್ಕೆ ಹೋದರೆ ಮಾರ್ಕು ಉಂಟಾ? ಕೆಲಸ ಸಿಗ್ತದಾ?’

ಪ್ರಶ್ನೆ ನ್ಯಾಯವಾದದ್ದೇ. ಉತ್ತರ ಹುಡುಕಲು ಬೆಂಗಳೂರಿಗೇ ಹೋಗಬೇಕೆಂದಿಲ್ಲ. ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಈ ಮೂರು ಊರುಗಳನ್ನು ಒಂದು ಹಗಲಿನಲ್ಲಿ ಸುತ್ತಿ ಬಂದರೂ ಸಾಕು.

ಮುಕ್ತ ತಂತ್ರಾಂಶ ಎಂದರೇನು? ಬಳಸುವ, ಒಳಗೆ ಹೇಗಿದೆಯೆಂದು ಓದಿ ತಿಳಿಯುವ, ಬೇಕಾದಂತೆ ತಿದ್ದುವ, ಇನ್ನೊಬ್ಬರಿಗೆ ಹಂಚುವ ನಾಲ್ಕು ಸ್ವಾತಂತ್ರ್ಯಗಳುಳ್ಳ ತಂತ್ರಾಂಶ. ಅಮೆರಿಕದ ರಿಚರ್ಡ್ ಸ್ಟಾಲ್‌ಮನ್ 1983ರಲ್ಲಿ ಈ ಆಂದೋಲನಕ್ಕೆ ನಾಂದಿ ಹಾಡಿದರು. 1991ರಲ್ಲಿ ಫಿನ್ಲೆಂಡಿನ ಲಿನಸ್ ಟೋರ್ವಾಲ್ಡ್ಸ್ ತಾನು ಬರೆಯುತ್ತಿದ್ದ ‘ಲಿನಕ್ಸ್’ ಅನ್ನು ಜಗತ್ತಿನ ಮುಂದಿಟ್ಟಾಗ ಆತ ಇಪ್ಪತ್ತೊಂದರ ವಿದ್ಯಾರ್ಥಿ. ನಮ್ಮ ರಾಜ್ಯದಲ್ಲೂ ಇಂಥವರು ಸೇರುವ ಸಮ್ಮೇಳನಕ್ಕೆ ಚರಿತ್ರೆಯಿದೆ. 2001ರಲ್ಲಿ ‘ಲಿನಕ್ಸ್ ಬೆಂಗಳೂರು’ ಎಂದು ಆರಂಭವಾದದ್ದು ಮುಂದೆ ‘ಫಾಸ್ ಡಾಟ್ ಇನ್’ ಎಂಬ ಹೆಸರಿನಲ್ಲಿ 2012ರ ತನಕ ನಡೆಯಿತು. ಈಚಿನ ವರ್ಷಗಳಲ್ಲಿ ‘ಇಂಡಿಯಾ ಫಾಸ್’ ನಡೆಯುತ್ತಿದೆ.

ಇನ್ನು ಊರಿನ ಮಾತು. ನೇತ್ರಾವತಿಯ ದಂಡೆಯ ಬಂಟ್ವಾಳ ಪಂಜೆ ಮಂಗೇಶರಾಯರು 1874ರಲ್ಲಿ ಹುಟ್ಟಿದ ಊರು. ರಾಯರು ತೀರಿಕೊಂಡದ್ದು 1937ರಲ್ಲಿ. ನಮ್ಮ ದೇಶದ ಕಾಯಿದೆಯಂತೆ ಲೇಖಕರು ಗತಿಸಿದ ಮೇಲೆ ಅರವತ್ತು ವರ್ಷ ಅವರ ಬರಹಕ್ಕೆ ಕೃತಿಸ್ವಾಮ್ಯವಿರುತ್ತದೆ. ಆ ಅವಧಿ 1997ರ ಕೊನೆಗೆ ಮುಗಿಯಿತು. ಈಗ ಪಂಜೆಯವರ ಪದ್ಯ, ಕಥೆಗಳನ್ನು ಯಾರು ಬೇಕಾದರೂ ಬೆರಳಚ್ಚಿಸಿ ಅಂತರಜಾಲಕ್ಕೆ ಏರಿಸಬಹುದು. ಯಾರಪ್ಪಣೆಯೂ ಬೇಡ. ಆದರೆ ಕೆಲಸ ತಾನಾಗಿ ಆಗುವುದಿಲ್ಲವಲ್ಲ! ಯಾರಾದರೂ ಕುಳಿತು ಅಕ್ಷರ ಅಕ್ಷರವನ್ನೂ ಹೊಡೆಯಬೇಕು, ಕರಡು ತಿದ್ದಬೇಕು.

ಅಲ್ಲಿಂದ ಬಸ್ಸು ಪುಂಜಾಲಕಟ್ಟೆ, ಗುರುವಾಯನಕೆರೆ ದಾಟಿ, ಬೆಳ್ತಂಗಡಿ ಪೇಟೆಯನ್ನೂ ಹಿಂದಿಟ್ಟು ಉಜಿರೆಗೆ ಬರುತ್ತದೆ. ಅಡಿಕೆ ತೋಟಗಳ ನಡುವಿನ ಈ ವಿದ್ಯಾಕೇಂದ್ರದಲ್ಲಿ, ಎಸ್‌ಡಿಎಂ ಕಾಲೇಜಿನಲ್ಲಿ, ವಿಕಿಪೀಡಿಯದ ತರಬೇತಿ ಶಿಬಿರಗಳು ನಡೆದಿವೆ. ವಿಕಿಪೀಡಿಯ ನಡೆಯುವುದು ‘ಮೀಡಿಯಾವಿಕಿ’ ಎಂಬ ಮುಕ್ತ ತಂತ್ರಾಂಶದ ಮೇಲೆ. ಶಿಬಿರದಲ್ಲಿ ಕಲಿಯುವ ಮೊದಲ ಪಾಠ ಕಂಪ್ಯೂಟರಿನದ್ದಲ್ಲ, ಪ್ರಾಮಾಣಿಕತೆಯದ್ದು. ಊರಿನ ಬಗ್ಗೆ ಲೇಖನ ಬರೆಯಬೇಕೆಂದರೆ ಪ್ರತಿ ಮಾತಿಗೂ ಆಧಾರ ಬೇಕು, ಗ್ರಂಥಾಲಯಕ್ಕೆ ಹೋಗಲೇಬೇಕು. ಪುಸ್ತಕದಿಂದ ಪುಟಗಟ್ಟಲೆ ನಕಲು ಮಾಡಿದರೆ ಅಳಿಸಿಹಾಕುತ್ತಾರೆ. ಯಾರು, ಯಾವ ದಿನ, ಎಷ್ಟು ಗಂಟೆಗೆ, ಯಾವ ಶಬ್ದವನ್ನು ತಿದ್ದಿದರು ಎಂಬುದೆಲ್ಲ ‘ಇತಿಹಾಸ’ ಪುಟದಲ್ಲಿ ಉಳಿಯುತ್ತದೆ. ತಪ್ಪನ್ನು ಅಪರಿಚಿತರೊಬ್ಬರು ತಿದ್ದಿದಾಗ ಮುನಿಸಿಕೊಳ್ಳದೆ ಚರ್ಚಿಸುವುದು ಎರಡನೆಯ ಪಾಠ.

ಈ ಕೆಲಸದ ಫಲ ಇಲ್ಲಿಯವರ ಮನೆಮಾತಿಗೇ ಸಿಕ್ಕಿದೆ. ಅನೇಕ ವರ್ಷ ಪ್ರಾಯೋಗಿಕ ಹಂತದಲ್ಲಿದ್ದ ತುಳು ವಿಕಿಪೀಡಿಯ 2016ರ ಆಗಸ್ಟ್‌ನಲ್ಲಿ ಪೂರ್ಣರೂಪದಲ್ಲಿ ತೆರೆದುಕೊಂಡಿತು. ಸುದ್ದಿ ಪ್ರಕಟವಾದದ್ದು ದೂರದ ಚಂಡೀಗಢದಲ್ಲಿ, ಭಾರತದ ವಿಕಿ ಸಮುದಾಯದ ಸಮ್ಮೇಳನದಲ್ಲಿ! ತುಳುವಿನ ಲೇಖನಗಳನ್ನು ಬರೆಯುವುದು ಕನ್ನಡ ಲಿಪಿಯಲ್ಲಿ. ತುಳು-ತಿಗಳಾರಿ ಲಿಪಿಗೆ ಕಂಪ್ಯೂಟರಿನ ಜಾಗತಿಕ ಅಕ್ಷರಪಟ್ಟಿಯಲ್ಲಿ ಸ್ಥಾನ ದೊರೆತದ್ದು 2024ರ ಸೆಪ್ಟೆಂಬರ್‌ನಲ್ಲಿ, ಯೂನಿಕೋಡ್ 16ನೇ ಆವೃತ್ತಿಯಲ್ಲಿ. ಸ್ಥಾನ ಸಿಕ್ಕಿದರಾಯಿತೇ? ಅಕ್ಷರ ವಿನ್ಯಾಸ ಆಗಬೇಕು, ಕೀಲಿಮಣೆ ಆಗಬೇಕು, ಹಳೆಯ ಓಲೆಗಳನ್ನು ಓದಿ ಬೆರಳಚ್ಚಿಸುವವರು ಬೇಕು. ಇವತ್ತು ಕಾಲೇಜಿನಲ್ಲಿರುವವರಿಗೆ ಕಾದಿರುವ ಕೆಲಸ ಇದು.

ಉಜಿರೆಯಿಂದ ಗುರುವಾಯನಕೆರೆಗೆ ಹಿಂದಿರುಗಿ ಬಲಕ್ಕೆ ತಿರುಗಿದರೆ ವೇಣೂರು. ಫಲ್ಗುಣಿ ನದಿಯ ಬಳಿ 1604ರಲ್ಲಿ ನಿಂತ ಗೊಮ್ಮಟನಿಗೆ ಕೈಮುಗಿದು ಮುಂದೆ ಹೋದರೆ ಮೂಡುಬಿದಿರೆ. ಇಲ್ಲಿನ ಆಳ್ವಾಸ್ ಕಾಲೇಜಿನಲ್ಲೂ ವಿದ್ಯಾರ್ಥಿಗಳು ವಿಕಿಪೀಡಿಯಕ್ಕೆ ಬರೆಯಲು ಕಲಿತಿದ್ದಾರೆ. ಆದರೆ ಈ ಪಾಠವನ್ನು ಇನ್ನೂ ಹಳೆಯ ಗುರುವಿನಿಂದ ಕೇಳಬೇಕೆಂದರೆ ಪೇಟೆಯ ಗುರುಬಸದಿಗೆ ಹೋಗಬೇಕು.

ಜೈನರ ಪವಿತ್ರ ಆಗಮಗ್ರಂಥ ‘ಷಟ್ಖಂಡಾಗಮ’ ಮತ್ತು ಅದರ ‘ಧವಲಾ’ ವ್ಯಾಖ್ಯಾನದ ಓಲೆಗರಿಗಳು ಹಳಗನ್ನಡ ಲಿಪಿಯಲ್ಲಿ ಉಳಿದು ಬಂದದ್ದು ಈ ಊರಿನಲ್ಲಿ. ‘ಧವಲಾ’ ಬರೆದವರು ಒಂಬತ್ತನೆಯ ಶತಮಾನದ ವೀರಸೇನಾಚಾರ್ಯರು. ಇನ್ನೊಂದು ವ್ಯಾಖ್ಯಾನ ‘ಜಯಧವಲಾ’ವನ್ನು ಬರೆಯುತ್ತಿರುವಾಗಲೇ ಅವರು ಗತಿಸಿದರು. ಶಿಷ್ಯ ಜಿನಸೇನರು ಮುಂದುವರಿಸಿ ಪೂರ್ಣಗೊಳಿಸಿದರು. ಒಬ್ಬರು ಬಿಟ್ಟಲ್ಲಿಂದ ಇನ್ನೊಬ್ಬರು ಎತ್ತಿಕೊಳ್ಳುವುದು... ಮುಕ್ತ ತಂತ್ರಾಂಶದ ಬಳಗವೂ ಮಾಡುತ್ತಿರುವುದು ಇದನ್ನೇ ಅಲ್ಲವೇ?

ಶತಮಾನಗಳ ಕಾಲ ಈ ಓಲೆಗಳು ಭಕ್ತರ ದರ್ಶನಕ್ಕಷ್ಟೇ ಸಿಗುತ್ತಿದ್ದವು. ಹತ್ತೊಂಬತ್ತನೆಯ ಶತಮಾನದ ಕೊನೆಗೆ ಪ್ರತಿ ಮಾಡುವ ಕೆಲಸ ಶುರುವಾಗಿ ವರ್ಷಗಟ್ಟಲೆ ನಡೆಯಿತು. ಹೀಗೆ ಹೊರಬಂದ ಪ್ರತಿಗಳ ನೆರವಿನಿಂದ ಹೀರಾಲಾಲ್ ಜೈನ್ ಅವರ ಸಂಪಾದಕತ್ವದಲ್ಲಿ 1939ರಿಂದ 1958ರ ತನಕ 16 ಸಂಪುಟಗಳು ಅಚ್ಚಾದವು. ಓಲೆಗೆ ಗೆದ್ದಲು, ತೇವ, ಬೆಂಕಿಯ ಭಯ ತಪ್ಪಿದ್ದಲ್ಲ. ಪ್ರತಿಯಾಗದೆ ಇದ್ದಿದ್ದರೆ, ಮೂಡುಬಿದಿರೆಯ ಒಂದು ಪೆಟ್ಟಿಗೆಗೆ ಏನಾದರೂ ಆಗಿದ್ದರೆ, ಒಂದು ಪರಂಪರೆಯ ಜ್ಞಾನವೇ ಹೋಗುತ್ತಿತ್ತು.

ಹಂಚಿದವರ ಹೆಸರು ಹೋಗುತ್ತದೆಯೇ? ಮಂಗಳೂರು ಸಮೀಪದ ಕಿನ್ನಿಕಂಬಳದ ಕೆ.ಪಿ. ರಾಯರನ್ನು ನೋಡಬಹುದು. ಉಚ್ಚಾರಣೆಗೆ ಹೊಂದುವ ಕನ್ನಡದ ಕೀಲಿಮಣೆ ವಿನ್ಯಾಸವನ್ನು ರೂಪಿಸಿ, ಹಣ ಕೇಳದೆ ಎಲ್ಲರ ಬಳಕೆಗೆ ಬಿಟ್ಟರು. ತಮ್ಮ ತಂತ್ರಾಂಶಕ್ಕೆ ‘ಸೇಡಿಯಾಪು’ ಎಂದು ವಿದ್ವಾಂಸ ಸೇಡಿಯಾಪು ಕೃಷ್ಣಭಟ್ಟರ ಹೆಸರಿಟ್ಟರು. ಆ ವಿನ್ಯಾಸವೇ ಕರ್ನಾಟಕ ಸರಕಾರದ ಪ್ರಮಾಣಿತ ಕೀಲಿಮಣೆಗೆ ಆಧಾರವಾಯಿತು. ಇಂದಿಗೂ ಅದನ್ನು ‘ಕೆ.ಪಿ. ರಾವ್ ಕೀಲಿಮಣೆ’ ಎಂದೇ ಕರೆಯುತ್ತಾರೆ.

ಸಂಜೆ ಸಿದ್ಧಕಟ್ಟೆ ದಾರಿಯಾಗಿ ಬಿ.ಸಿ. ರೋಡಿಗೆ ಮರಳುವ ಬಸ್ಸಿನಲ್ಲಿ ಹೆತ್ತವರ ಪ್ರಶ್ನೆ ಮತ್ತೆ ನೆನಪಾಗುತ್ತದೆ. ಸಮ್ಮೇಳನಕ್ಕೆ ಹೋದರೆ ಮಾರ್ಕು ಇಲ್ಲ, ಕೆಲಸದ ಭರವಸೆಯೂ ಇಲ್ಲ. ಹಾಜರಿ, ಪರೀಕ್ಷೆ ಬಿಟ್ಟು ಹೋಗಬೇಕಾದದ್ದೂ ಅಲ್ಲ. ಆದರೆ ಮಗ ಅಥವಾ ಮಗಳು ಮಾಡಿದ ಕೆಲಸ ಎಲ್ಲರ ಕಣ್ಣಿಗೆ ಬೀಳುವಂತೆ, ಹೆಸರಿನ ಸಮೇತ ತೆರೆದಿರುತ್ತದೆ. ಕೆಲಸ ಕೊಡುವವರೂ ಅದನ್ನು ನೋಡಬಹುದು. ಕಾಲೇಜಿನ ಪರೀಕ್ಷೆಯ ಉತ್ತರಪತ್ರಿಕೆಗೆ ಆ ಭಾಗ್ಯವಿಲ್ಲ.

ಮುಂದಿನ ಸಲ ಮಕ್ಕಳು ಲ್ಯಾಪ್‌ಟಾಪಿನ ಚೀಲ ಹೊತ್ತು ಹೊರಟರೆ ಬಸ್ಸಿನ ಹಣದ ಜೊತೆಗೆ ಇನ್ನೊಂದು ಪ್ರಶ್ನೆಯನ್ನೂ ಕೊಟ್ಟು ಕಳುಹಿಸಬಹುದು: ‘ಇವತ್ತು ಏನು ಬರೆದು ಬರ್ತೀ ಮಗಾ?’