ಹಳ್ಳದ ಕಲ್ಲಿನಡಿಯ ಬಾಳು

ಮುಧೋಳ, ಲೋಕಾಪುರಗಳ ಕಡೆ ತಿಳಿನೀರಿನ ಹಳ್ಳದ ಕಲ್ಲೊಂದನ್ನು ಮಗುಚಿದವನಿಗೆ ಅದರಡಿಯಲ್ಲಿ ಒಂದು ಸಂಸಾರವೇ ಕಾಣಬಹುದು: ಬಸವನಹುಳು, ಏಡಿ, ಏರೋಪ್ಲೇನ್ ಚಿಟ್ಟೆಯ ಮರಿ, ಮರಳಿನ ಗೂಡು ಕಟ್ಟಿಕೊಂಡ ಒಂದು ಪುಟ್ಟ ಹುಳು. ಈ ಹುಳು ತನ್ನ ಬಾಯಿಂದ ಹೊರಡುವ ರೇಷ್ಮೆಯ ಎಳೆಯಿಂದಲೇ ಮರಳಕಣಗಳನ್ನು ಹೆಣೆಯುತ್ತದೆ; ರಬಕವಿ-ಬನಹಟ್ಟಿಯ ನೇಕಾರನೂ ಅದಕ್ಕೆ ತಲೆದೂಗಿಯಾನು.

ಕಲ್ಲಿದ್ದಲ ಹೊಗೆಯಿಂದ ಮಳೆ ಆಮ್ಲವಾಗುವುದನ್ನು ರಾಬರ್ಟ್ ಆಂಗಸ್ ಸ್ಮಿತ್ ಎಂಬ ವಿಜ್ಞಾನಿ ಅರಳೆ ಗಿರಣಿಗಳ ಊರಾದ ಮ್ಯಾಂಚೆಸ್ಟರಿನಲ್ಲಿ 1852ರಷ್ಟು ಹಿಂದೆಯೇ ಕಂಡುಕೊಂಡನು. ನಾರ್ವೆ, ಸ್ವೀಡನ್ನುಗಳ ಗ್ರಾನೈಟ್ ನೆಲದ ತೊರೆಗಳಲ್ಲಿ ಇಂಥ ಮಳೆಗೆ ಮೊದಮೊದಲು ಅಳಿದವುಗಳಲ್ಲಿ ಬಸವನಹುಳುವೂ ಒಂದು. ಚಿಪ್ಪಿಗೆ ಬೇಕಾದ ಸುಣ್ಣ ಅಲ್ಲಿಯ ನೀರಿನಲ್ಲಿ ದೊರೆಯದು. ಲೋಕಾಪುರದ ಸೀಮೆಯಲ್ಲಾದರೋ ಸುಣ್ಣಗಲ್ಲು ಆಮ್ಲವನ್ನು ಬಹುಮಟ್ಟಿಗೆ ನುಂಗಿಬಿಡುತ್ತದೆ. ಸಿಮೆಂಟಿಗಾಗಿ ಅಗೆಯುವ ಕಲ್ಲೇ ಹಳ್ಳಕ್ಕೆ ರಕ್ಷೆಯಾಗಿರುವುದು ಸೋಜಿಗವೇ ಸರಿ!

ಮುಗಿಲಿನಿಂದ ಬಾರದ ಕೇಡು ಹೊಲದಿಂದ ಬರುತ್ತದೆ. ಜಮಖಂಡಿ, ಮುಧೋಳಗಳ ಕಬ್ಬಿನ ಸೀಮೆಯಲ್ಲಿ ದಂಡೆಯ ಹುಲ್ಲನ್ನೂ ಉಳಿಸದೆ ಉತ್ತಲ್ಲಿ, ಮೊದಲ ಮಳೆಗೇ ಎರೆಮಣ್ಣು ಹರಿದು ಕಲ್ಲುಗಳ ಸಂದುಗಳನ್ನು ಮುಚ್ಚುತ್ತದೆ. ಗೊಬ್ಬರದ ಸಾರವುಂಡ ಪಾಚಿ ಹಬ್ಬಿ ಕೊಳೆಯುತ್ತಲೇ ನೀರಿನ ಪ್ರಾಣವಾಯು ಇಳಿಯುತ್ತದೆ. ಬೀಳಗಿಯ ಕಡೆಗಂತೂ ಆಲಮಟ್ಟಿಯ ಹಿನ್ನೀರು ಹರಿವನ್ನೇ ನಿಲ್ಲಿಸಿದೆ. ಅಂಥ ಕೆಸರಿನಲ್ಲಿ ಕೆಂಪು ಹುಳುಗಳು ಹೊರಳುತ್ತಿರುತ್ತವೆ. ಮನುಷ್ಯನ ನೆತ್ತರಿನಂತೆ ಅವುಗಳಲ್ಲಿಯೂ ಹಿಮೊಗ್ಲೋಬಿನ್ ಇರುವುದರಿಂದ ಅಲ್ಪ ಪ್ರಾಣವಾಯುವಿನಲ್ಲಿ ಬಾಳಬಲ್ಲವು. ಮರಳಿನ ಗೂಡು ಹೆಣೆಯುವ ಹುಳು ಅಲ್ಲಿ ನಿಲ್ಲಲಾರದು.